ಅವ್ವನಿಗೆ ತುಟಿಯಲ್ಲಿ ಓದಿದ ಕಾದಂಬರಿ

ಆ ಸಿನಿಮಾ ಕೊಲ್ಹಾಪುರಕ್ಕೆ ಬರುವ ಹೊತ್ತಿಗೆ ನಾನು ಅದರ ಮೂಲ ಕಾದಂಬರಿಯನ್ನು ಎರಡೆರಡು ಸಲ ಓದಿ ಮುಗಿಸಿದ್ದೆ. ಹದಿಹರೆಯದ ಮಕ್ಕಳಿಗೆಂದು ಮರಾಠಿಯಲ್ಲಿ ಬರೆದ ಪುಸ್ತಕ ಅದು. ಗಡಹಿಂಗ್ಲಜದಲ್ಲಿ ನಮ್ಮದೊಂದು ಬಟ್ಟೆ ಅಂಗಡಿಯಿದೆ. ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಓದುವುದು ನನ್ನ ಹಳೆಯ ಚಾಳಿ. "ಮಮ್ಮಕ್ಕಳ್ನ ಆಡಿಸೂ ವಯಸ್ಸಿನಾಗ ಹುಡುಗ್ರ ಪುಸ್ತಕ ಓದಾಕತ್ತೀಯಲ್ಲ" ಎಂದು ನನ್ನ ಗಂಡ ಚೇಷ್ಟೆ ಮಾಡಿದರು. "ಮೊಣಕಾಲು ನೋವು ಅಂತ ನೀವು ಮೆಟ್ಟಲಾ ಹತ್ತಂಗಿಲ್ಲ, ಕುಸ್ತಿ ನೋಡಾಕ ಹೋದ್ರ ಖುರ್ಚಿ ಮ್ಯಾಲ ಹತ್ತಿ ನಿಂದರ್ತೀರಿ. ನಾ ಏನರ ಅಂದೇನೇನ್ರಿ?" ಎಂದೆ. ಅಲ್ಲಿಗೆ ಆ ಮಾತು ಮುಗಿಯಿತು.

ಪುಸ್ತಕದ ಕತೆ ಸರಳ. ಮಗ್ಗದ ಊರಿನ ಒಬ್ಬ ಹುಡುಗಿ ಚೆನ್ನಾಗಿ ಹಾಡುತ್ತಾಳೆ. ಅವಳ ತಾಯಿ ಪವರ್‌ಲೂಮ್ ಶೆಡ್ಡಿನಲ್ಲಿ ದುಡಿದು ದುಡಿದು ಕಿವಿ ಕಳೆದುಕೊಂಡಿದ್ದಾಳೆ. ಕೇಳಿಸದ ತಾಯಿಯನ್ನು ಕೊಲ್ಹಾಪುರದ ಹಾಡಿನ ಸ್ಪರ್ಧೆಗೆ ಕರೆದುಕೊಂಡು ಹೋಗಬೇಕೋ ಬೇಡವೋ ಎಂಬುದೇ ಹುಡುಗಿಯ ಸಂಕಟ. ಇಷ್ಟೇ. ಆದರೆ ನನಗೆ ಅದು ಇಷ್ಟೇ ಆಗಿರಲಿಲ್ಲ. ನನ್ನ ಅವ್ವ ಇಚಲಕರಂಜಿಯ ಶೆಡ್ಡುಗಳಲ್ಲಿ ಕಾಂಡಿ ತುಂಬಿದವಳು, ಅಂದರೆ ಮಗ್ಗದ ಲಾಳಿಯೊಳಗೆ ಕೂರುವ ಕಡ್ಡಿಗೆ ಯಂತ್ರದ ಮೇಲೆ ನೂಲು ಸುತ್ತಿದವಳು. ನಾನು ಲಗ್ನವಾಗಿ ಗಡಹಿಂಗ್ಲಜಕ್ಕೆ ಹೋಗುವಾಗಲೇ ಅವಳ ಕಿವಿ ಮಂದವಾಗಿತ್ತು. ಈಗ ಬೆನ್ನ ಹಿಂದೆ ಡೋಲು ಬಾರಿಸಿದರೂ ತಿರುಗಿ ನೋಡುವುದಿಲ್ಲ.

ಶೆಡ್ಡಿನ ಸದ್ದಿನಲ್ಲಿ ಒಬ್ಬರ ದನಿ ಇನ್ನೊಬ್ಬರಿಗೆ ಮುಟ್ಟುವುದಿಲ್ಲ. ಅದಕ್ಕೆ ಅಲ್ಲಿಯ ಮಂದಿ ದನಿಯನ್ನು ಬಿಟ್ಟೇ ಮಾತಾಡುತ್ತಾರೆ. ತುಟಿಯನ್ನು ದೊಡ್ಡದಾಗಿ, ನಿಧಾನವಾಗಿ ಆಡಿಸಬೇಕು. ಎದುರಿಗಿದ್ದವರು ನೋಡಿ ತಿಳಿದುಕೊಳ್ಳುತ್ತಾರೆ. ಜೊತೆಗೆ ಕೈಸನ್ನೆ. ಮೀಸೆ ತಿರುವಿದರೆ ಸೇಠ್ ಬಂದ, ಹೆಬ್ಬೆರಳು ಬಾಯಿಗೆ ಹೋದರೆ ಚಹಾ ಬಂತು. ಅವ್ವ ಮತ್ತು ಅವಳ ಗೆಳತಿಯರು ಈ ವಿದ್ಯೆಯನ್ನು ಶೆಡ್ಡಿನ ಹೊರಗೂ ಬಿಟ್ಟವರಲ್ಲ. ಲಗ್ನದ ಮಂಟಪದಲ್ಲಿ ಆ ತುದಿಗೊಬ್ಬಳು ಈ ತುದಿಗೊಬ್ಬಳು ಕೂತು ಬೀಗರ ಎದುರಿಗೇ ಬೀಗರ ಸೀರೆಯನ್ನು ಆಡಿಕೊಳ್ಳುತ್ತಿದ್ದರು. ದನಿಯಿಲ್ಲದ ಮಾತಿಗೆ ಸಾಕ್ಷಿ ಎಲ್ಲಿಂದ ಬರಬೇಕು? ನಾನು ಸಣ್ಣವಳಿದ್ದಾಗ ಶೆಡ್ಡಿಗೆ ಬುತ್ತಿ ಒಯ್ಯುತ್ತ ಒಯ್ಯುತ್ತ ಇದನ್ನು ಕಲಿತೆ. ನನ್ನ ತಮ್ಮ ಕಲಿಯಲಿಲ್ಲ. ಅವನು ಅವ್ವನ ಕಿವಿಗೆ ಬಾಯಿ ಹಚ್ಚಿ ಒದರುತ್ತಾನೆ. ಒದರಿದರೆ ಅವಳಿಗೆ ಕೇಳಿಸುವುದಿಲ್ಲ, ಕಿವಿಗೆ ಹಚ್ಚಿದ ಬಾಯಿ ಅವಳ ಕಣ್ಣಿಗೂ ಕಾಣುವುದಿಲ್ಲ.

ಸಿನಿಮಾಕ್ಕೆ ಹೋಗೋಣ ಎಂದವಳು ಈ ತಮ್ಮನ ಮಗಳು. ಆಗಷ್ಟೇ ಹತ್ತನೆಯ ತರಗತಿ ಮುಗಿಸಿ ರಜೆಯಲ್ಲಿದ್ದಳು. "ಅತ್ತಿ, ಶೂಟಿಂಗ್ ನಮ್ಮೂರಾಗ ಆಗೇದ. ಆಯಿನೂ ಕರ್ಕೊಂಡು ಹೋಗೂಣು" ಎಂದು ಫೋನ್ ಮಾಡಿದಳು. ಆಯಿ ಎಂದರೆ ಅವಳ ಅಜ್ಜಿ, ನನ್ನ ಅವ್ವ. ಅವರು ಮೂವರೂ ಇಚಲಕರಂಜಿಯಿಂದ ತಮ್ಮನ ಕಾರಿನಲ್ಲಿ ಬಂದರು, ನಾನು ಗಡಹಿಂಗ್ಲಜದಿಂದ ಬಸ್ಸಿನಲ್ಲಿ ಕೊಲ್ಹಾಪುರ ಮುಟ್ಟಿದೆ. ಅವ್ವ ಇಳಕಲ್ ಸೀರೆ ಉಟ್ಟು, ತಲೆಗೆ ಅಬ್ಬಲಿಗೆ ಮುಡಿದು, ಟಾಕೀಜಿನ ಮೆಟ್ಟಿಲ ಮೇಲೆ ಹೆಣ್ಣು ನೋಡಲು ಬಂದ ಬೀಗತಿಯ ಹಾಗೆ ನಿಂತಿದ್ದಳು.

ಸಿನಿಮಾದ ಮೊದಲರ್ಧದಲ್ಲಿ ನಾನು ಕೊಂಕು ತೆಗೆಯುವುದಿಲ್ಲ. ಪರದೆಯ ತುಂಬ ಶೆಡ್ಡು ಬಂತು. ಬಿಸಿಲ ಕೋಲಿನಲ್ಲಿ ಹತ್ತಿಯ ಧೂಳು ಹಾರುತ್ತಿತ್ತು, ಮಗ್ಗಗಳ ಸದ್ದಿಗೆ ಕೂತ ಖುರ್ಚಿ ನಡುಗಿತು. ಅವ್ವ ಎರಡೂ ಪಾದಗಳನ್ನು ನೆಲಕ್ಕೆ ಒತ್ತಿ ಹಿಡಿದಳು. ನನ್ನ ಕಡೆ ತಿರುಗಿ, ದನಿಯಿಲ್ಲದೆ, "ಕಾಲಾಗ ಬರಾಕತ್ತದ" ಎಂದಳು. ಅವಳ ಮುಖ ನೋಡಬೇಕಿತ್ತು. ಪುಸ್ತಕದಲ್ಲಿ ಆ ಶೆಡ್ಡಿನ ಮೇಲೆ ಪುಟಗಟ್ಟಲೆ ಬರೆದಿದ್ದಾರೆ, ಚೆನ್ನಾಗಿಯೇ ಬರೆದಿದ್ದಾರೆ; ಆದರೆ ಯಾವ ಪುಟವೂ ಅವ್ವನ ಪಾದಕ್ಕೆ ಮುಟ್ಟಲಾರದು. ಇದನ್ನು ನಾನು ಒಪ್ಪುತ್ತೇನೆ.

ಇಂಟರ್ವಲ್ ಆದಮೇಲೆ ಸಿನಿಮಾದವರು ಪುಸ್ತಕವನ್ನು ಬಿಟ್ಟು ತಮ್ಮ ದಾರಿ ಹಿಡಿದರು. ಪುಸ್ತಕದಲ್ಲಿಲ್ಲದ ಒಬ್ಬ ಸಂಗೀತದ ಮೇಷ್ಟ್ರು ಬಂದು ತಾಯಿಗೆ ಕಿವಿಯ ಮಷೀನು ಕೊಡಿಸುತ್ತಾನೆ. ಹಾಕಿಕೊಂಡ ಕೂಡಲೇ ಅವಳಿಗೆ ಹಕ್ಕಿಯ ದನಿ ಕೇಳಿಸುತ್ತದೆ, ಮಗಳ ಹಾಡು ಕೇಳಿಸುತ್ತದೆ. ನನ್ನ ಅವ್ವನಿಗೂ ತಮ್ಮ ಅಂಥದೊಂದು ಮಷೀನು ಕೊಡಿಸಿದ್ದ. ಹಾಕಿಕೊಂಡ ದಿನ ಅವಳಿಗೆ ಹಕ್ಕಿ ಕೇಳಿಸಲಿಲ್ಲ. ಕುಕ್ಕರಿನ ಸೀಟಿ, ಪಾತ್ರೆಯ ಸದ್ದು, ಪಕ್ಕದ ಶೆಡ್ಡು ಎಲ್ಲ ಕಲಸಿ ಒಂದೇ ಗದ್ದಲವಾಗಿ ಒಳಗೆ ನುಗ್ಗಿತು. "ಇದರಕಿಂತ ಕಿವುಡಿ ಇರೂದ ಚಲೋ" ಎಂದು ತೆಗೆದಿಟ್ಟವಳು ಮತ್ತೆ ಮುಟ್ಟಲಿಲ್ಲ. ಸಿನಿಮಾದ ತಾಯಿಗೆ ಅಂಥ ತೊಂದರೆ ಏನೂ ಇರಲಿಲ್ಲ.

ಕೊನೆಗೆ ಸ್ಪರ್ಧೆ. ಹುಡುಗಿ ಹಾಡುತ್ತಾಳೆ, ಗೆಲ್ಲುತ್ತಾಳೆ, ವೇದಿಕೆಯಿಂದ ಓಡಿ ಬಂದು ತಾಯಿಯ ಎರಡೂ ಕೆನ್ನೆ ಹಿಡಿದು ಏನೋ ಹೇಳುತ್ತಾಳೆ. ಕ್ಯಾಮೆರಾ ಮಾತ್ರ ತಾಯಿಯ ಕಣ್ಣೀರಿನ ಮೇಲೆ. ಹುಡುಗಿಯ ಬೆನ್ನು, ಜಡೆ, ಇಷ್ಟೇ ಕಾಣುತ್ತದೆ. ಪಿಟೀಲು ಸಣ್ಣಗೆ ಏಳುತ್ತದೆ. ಟಾಕೀಜಿನಲ್ಲಿ ಮೂಗು ಸೇದುವ ಸದ್ದು. ಆ ಹೊತ್ತಿಗೆ ಸರಿಯಾಗಿ ಅವ್ವ ಗಟ್ಟಿ ದನಿಯಲ್ಲಿ ಕೇಳಿದಳು:

"ಏನಂದ್ಲವಾ ಆಕಿ?"

ತನ್ನ ದನಿ ತನಗೇ ಕೇಳಿಸದವಳು, ಅದು ಎಷ್ಟು ದೊಡ್ಡದು ಎಂದು ಅವಳಿಗೆ ಹೇಗೆ ಗೊತ್ತಾಗಬೇಕು? ಶೆಡ್ಡಿನಲ್ಲಿ ಬಾಳಿದವಳಿಗೆ ಎಲ್ಲ ಕಡೆಯೂ ಗದ್ದಲವೇ. ಹಿಂದಿನಿಂದ ಒಬ್ಬ "ಆಜಿ, ಗಪ್ಪ ಬಸಾ ಕೀ!" ಎಂದ, ಅಜ್ಜಿ ಸುಮ್ಮನೆ ಕೂತುಕೋ ಅಂತ. ನಾಲ್ಕಾರು ಮಂದಿ ನಕ್ಕರು. ತಮ್ಮ ಅವಳ ಮೊಣಕೈ ಜಗ್ಗಿ, "ಆಮ್ಯಾಲ ಹೇಳ್ತೇನಿ, ಬಾಯಿ ಮುಚ್ಚು" ಎಂದ. ನಗು ಅವ್ವನಿಗೆ ಕೇಳಿಸಲಿಲ್ಲ. ಆದರೆ ಪರದೆಯ ಬೆಳಕಿನಲ್ಲಿ ತನ್ನ ಕಡೆ ತಿರುಗಿದ ಮುಖಗಳನ್ನೆಲ್ಲ ನೋಡಿದಳು, ತುಟಿಗಳನ್ನೂ ನೋಡಿದಳು. ತುಟಿ ಓದುವವರಿಗೆ ಬೈಗುಳದಿಂದಲೂ ಬಿಡುಗಡೆ ಇಲ್ಲ.

ಹೊರಗೆ ಬಂದಮೇಲೆ ತಮ್ಮನಿಗೆ, "ಈಗ ಹೇಳು ಅವ್ವಗ, ಏನಂದ್ಲಂತ" ಎಂದೆ. ಅವನು ತಲೆ ಕೆರೆದುಕೊಂಡ. "ನಾ ಗೆದ್ದೆ ಅಂದಿರ್ಬೇಕು" ಎಂದ. ಮಗಳು, "ಅಲ್ಲ ಪಪ್ಪಾ, ಕೇಳಿಸ್ತಾ ಅಂದ್ಲು" ಎಂದಳು. ಅವಳೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಆ ಮಾತಿನ ಮೇಲೆ ಪಿಟೀಲು ಹಚ್ಚಿ ಮುಚ್ಚಿಬಿಟ್ಟಿದ್ದರು. ಗಟ್ಟಿಮುಟ್ಟಾದ ಕಿವಿಗಳಿದ್ದ ನಾವೆಲ್ಲ ಹುಡುಗಿ ಏನೆಂದಳೆಂದು ಗೊತ್ತಿಲ್ಲದೆಯೇ ಅತ್ತಿದ್ದೆವು. ಇದನ್ನು ಅವ್ವನಿಗೆ ಹೇಳಲು ಹೋದೆ. ಅವಳು ಆಗಲೇ ಕಾರಿನಲ್ಲಿ ಕೂತು ಆಚೆ ಮುಖ ಮಾಡಿದ್ದಳು.

ಅವತ್ತಿನಿಂದ ಅವ್ವ ಕೇಳುವುದನ್ನು ಬಿಟ್ಟಳು.

ಅವಳನ್ನು ಬಲ್ಲವರಿಗೆ ಇದೆಂಥ ಮಾತು ಎಂದು ಗೊತ್ತು. ಕಾಯಿಪಲ್ಲೆಯವಳು ಏನೆಂದಳು, ಟಿವಿಯವನು ಏನೆಂದ, ಎದುರಿನ ಮನೆಯವರು ಯಾಕೆ ನಕ್ಕರು, ಎಲ್ಲವನ್ನೂ ಮಗ್ಗುಲಲ್ಲಿದ್ದವರನ್ನು ತಿವಿದು ಕೇಳಿ ತಿಳಿದುಕೊಳ್ಳುತ್ತಿದ್ದವಳು. ಹಾಗೆ ಕೇಳುತ್ತಿದ್ದರಿಂದಲೇ ಅವಳು ಮನೆಯೊಳಗಿನ ಮನುಷ್ಯಳಾಗಿ ಉಳಿದಿದ್ದಳು. ಕೇಳುವುದನ್ನು ಬಿಟ್ಟರೆ ಮೂಲೆಯ ಕಪಾಟಿಗೂ ಅವಳಿಗೂ ಏನು ವ್ಯತ್ಯಾಸ? ತಮ್ಮ ಮಾತ್ರ ಫೋನಿನಲ್ಲಿ ಖುಷಿಯಿಂದ ಹೇಳಿದ: "ಅವ್ವ ಈಗ ಭಾಳ ಶಾಣ್ಯಾ ಆಗ್ಯಾಳ ಅಕ್ಕಾ. ಏನೂ ಕೇಳಂಗಿಲ್ಲ. ತನ್ನ ಪಾಡಿಗೆ ತಾ ಕುಂತಿರ್ತಾಳ." ನನಗೆ ಮೈಯೆಲ್ಲ ಉರಿಯಿತು. ಹೆತ್ತ ತಾಯಿ ಬಾಯಿ ಮುಚ್ಚಿ ಕೂತರೆ ಅದನ್ನು ಜಾಣತನ ಎನ್ನುವ ಮಗನಿಗೆ ಏನು ಹೇಳಬೇಕು! ಫೋನ್ ಇಟ್ಟು ಕಾದಂಬರಿಯನ್ನು ಚೀಲಕ್ಕೆ ಹಾಕಿದೆ. ಸಿನಿಮಾ ಅವಳ ಬಾಯಿ ಮುಚ್ಚಿಸಿದ್ದರೆ ಪುಸ್ತಕ ತೆರೆಸಲಿ. ನಾನು ತೆರೆಸಿಯೇ ತೀರುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ.

ಅಂಗಡಿಗೆ ವಾರದಲ್ಲೊಂದು ದಿನ ರಜೆ. ಆ ದಿನ ಬೆಳಿಗ್ಗೆ ಇಚಲಕರಂಜಿಯ ಬಸ್ಸು ಹತ್ತುತ್ತಿದ್ದೆ. ಸಂಕೇಶ್ವರ ಬಂತೆಂದರೆ ಅಂಗಡಿಗಳ ಮೇಲೆ ಕನ್ನಡ ಶುರುವಾಗುತ್ತದೆ, ನಿಪ್ಪಾಣಿ ದಾಟಿ ಒಂದಿಷ್ಟು ಹೋದರೆ ಮತ್ತೆ ಮರಾಠಿ. ನಾನು ಮಾಡಲು ಹೊರಟ ಕೆಲಸವೂ ಅಂಥದ್ದೇ. ಅವ್ವ ಕಲಿತ ನಾಲ್ಕಕ್ಷರ ಕನ್ನಡದವು. ಮರಾಠಿ ಮಾತಾಡುತ್ತಾಳೆ, ಮರಾಠಿಯಲ್ಲಿ ಜಗಳವನ್ನೂ ಆಡುತ್ತಾಳೆ, ಓದಲು ಬರುವುದಿಲ್ಲ. ಹಾಗಾಗಿ ನಾನು ಒಂದೊಂದು ಸಾಲನ್ನು ಮರಾಠಿಯಲ್ಲಿ ಕಣ್ಣಾಡಿಸಿ, ಮನಸ್ಸಿನಲ್ಲಿ ನಮ್ಮ ಮಾತಿಗೆ ತಿರುಗಿಸಿ, ದನಿಯಿಲ್ಲದೆ ತುಟಿಯಲ್ಲಿ ಹೇಳಬೇಕು. ಕಿಟಕಿಯ ಬೆಳಕಿಗೆ ಮುಖ ಕೊಟ್ಟು ನಾನು, ನನ್ನ ಎದುರಿಗೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಅವಳು. ಹೊರಗಿನಿಂದ ನೋಡಿದವರಿಗೆ ಇಬ್ಬರಿಗೂ ಭೂತ ಬಡಿದಿದೆ ಅನ್ನಿಸಬೇಕು.

ಮೊದಲ ವಾರಗಳು ಸಲೀಸಾಗಿ ಹೋದವು. ನಾನು ಹೇಳುವುದು, ಅವ್ವ ತಲೆಯಾಡಿಸುವುದು. ಇಷ್ಟು ಸಲೀಸು ಯಾಕೋ ನನಗೆ ಸರಿಬರಲಿಲ್ಲ. ಶೆಡ್ಡಿನ ಯಜಮಾನ ಹುಡುಗಿಯ ತಾಯಿಯನ್ನು ಬೈದ ಪುಟದಲ್ಲೂ ಅವ್ವ ಅದೇ ನಗುಮುಖದಿಂದ ತಲೆಯಾಡಿಸಿದಳು. ಕಿವಿ ಕೇಳದವರ ಈ ತಲೆಯಾಡಿಸುವಿಕೆ ನನಗೆ ಹೊಸದಲ್ಲ. ಬಂದ ನೆಂಟರ ಮುಂದೆ ಅವಳು ಅದನ್ನು ಮಾಡುವುದನ್ನು ನೋಡಿದ್ದೆ. ನನ್ನ ಮುಂದೆ ಎಂದೂ ಮಾಡಿರಲಿಲ್ಲ. ಪರೀಕ್ಷೆ ಮಾಡಿಯೇ ಬಿಡೋಣವೆಂದು, ಪುಸ್ತಕದ ಮೇಲೆ ಕಣ್ಣಿಟ್ಟು ಲಗುಬಗೆಯಿಂದ ಹೇಳಿದೆ: "ಆಮ್ಯಾಲ ಆ ತಾಯಿ ಆನಿ ಹತ್ತಿ ಪನ್ಹಾಳಗಡಕ್ಕ ಹೋದ್ಲು."

ಅವ್ವ ತಲೆಯಾಡಿಸಿದಳು.

ಪುಸ್ತಕವನ್ನು ರಪ್ಪನೆ ಮುಚ್ಚಿದೆ. "ಯಾರು ಆನಿ ಹತ್ತಿದ್ರು?" ಎಂದೆ. ಅವ್ವ ಗಾಬರಿಯಾದಳು. ಆಮೇಲೆ ಅವಳಿಗೂ ಸಿಟ್ಟು ಬಂತು. "ನಿನ್ನ ತುಟಿ ಮದಲಿನಂಗ ಇಲ್ಲ. ಲಗೂ ಲಗೂ ಓಡ್ತದ. ಅರ್ಧಕ್ಕರ್ಧ ತಿಳಿವಲ್ದು" ಎಂದಳು. "ಹಂಗಾರ ಕೇಳಬೇಕಿಲ್ಲೋ?" ಎಂದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಳು. "ಕೇಳಿದ್ರ ನಗ್ತಾರ" ಎಂದಳು ಕೊನೆಗೆ. ಅವಳನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು, ಅಪ್ಪಿಕೊಳ್ಳಲಿಲ್ಲ. ಅಪ್ಪಿಕೊಂಡಿದ್ದರೆ ಇಬ್ಬರೂ ಅತ್ತು ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಬದಲಿಗೆ, "ಇನ್ನ ಮ್ಯಾಲ ನೀ ಕೇಳದ ನಾ ಪುಟ ತಿರುವೂದಿಲ್ಲ" ಎಂದೆ.

ಅವ್ವನೂ ಹಠದಲ್ಲಿ ನನ್ನ ತಾಯಿಯೇ ತಾನೆ. ಕೇಳಲಿಲ್ಲ. ನಾನೂ ತಿರುವಲಿಲ್ಲ. ಸಂಜೆವರೆಗೆ ಇಬ್ಬರೂ ಶೇಂಗಾ ಸುಲಿದೆವು, ನಾನು ಬಸ್ಸು ಹತ್ತಿ ಹಿಂತಿರುಗಿದೆ. ಮರುವಾರವೂ ಪುಸ್ತಕ ತೆಗೆದು ಅದೇ ಪುಟದಲ್ಲಿ ಬೆರಳಿಟ್ಟು ಸುಮ್ಮನೆ ಕೂತೆ. ತಮ್ಮ ಇಣುಕಿ ನೋಡಿ, "ಬಸ್ಸಿನ ರೊಕ್ಕ ಹೆಚ್ಚಾಗ್ಯಾವೇನು ಅಕ್ಕಾ?" ಎಂದ. ಅವನನ್ನು ಹೊರಗೆ ಕಳಿಸಿದೆ. ಊಟದ ಹೊತ್ತಾಯಿತು. ಅವ್ವ ಗೋಡೆ ನೋಡಿದಳು, ಬಾಗಿಲು ನೋಡಿದಳು, ಪುಸ್ತಕ ನೋಡಿದಳು. ಕಡೆಗೆ ತಡೆಯಲಾಗಲಿಲ್ಲ.

"ಹಾಡಿನ ಸ್ಪರ್ಧಾದ್ದು ಆ ಹುಡುಗಿ ತಾಯಿಗೆ ಹೇಳಿದ್ಲೋ ಇಲ್ಲೋ?"

ದೊಡ್ಡ ದನಿಯಲ್ಲೇ ಕೇಳಿದಳು. ಅಡುಗೆಮನೆಯವರೆಗೂ ಮುಟ್ಟಿತು. ನಾನು ಪುಟ ತಿರುವಿದೆ. ಆಮೇಲೆ ಅವಳನ್ನು ಹಿಡಿಯುವವರಿಲ್ಲ. ಆ ಯಜಮಾನನ ಮನೆ ಎಲ್ಲಿ, ಹುಡುಗಿಯ ಅಪ್ಪ ಯಾಕೆ ಬಾಯಿ ಬಿಡುವುದಿಲ್ಲ, ಬರೆದವರು ನೂಲು ಕಾಂಡಿ ಹೆಂಗಸರ ಕೈ ಕೊಯ್ಯುವುದನ್ನು ಯಾಕೆ ಬರೆದಿಲ್ಲ! ಒಂದು ಪುಟಕ್ಕೆ ಒಂದು ತಾಸು ಹಿಡಿಯತೊಡಗಿತು.

ಹೀಗಿರುವಾಗ ತಮ್ಮನ ಮಗಳೂ ಬಂದು ಕೂರತೊಡಗಿದಳು. ಬಂದದ್ದು ಜಗಳಕ್ಕೆ. ಅವಳು ಸಿನಿಮಾದ ಪಕ್ಷ, ನಾನು ಪುಸ್ತಕದ ಪಕ್ಷ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. "ಸಿನಿಮಾ ನೋಡಿ ಟಾಕೀಜ್‌ನಾಗಿನ ಮಂದಿ ಎಲ್ಲಾ ಅತ್ರು ಅತ್ತಿ. ಪುಸ್ತಕ ಓದಿ ಯಾರ್ ಅತ್ತಾರ?" ಎಂದಳು. "ನಾ ಅತ್ತೇನಿ" ಎಂದೆ. "ನೀ ಟಿವಿಯಾಗ ಜಾಹೀರಾತು ನೋಡಿನೂ ಅಳ್ತಿ" ಎಂದಳು. ಅದು ನಿಜ. ಅವಳ ಇನ್ನೊಂದು ಮಾತೂ ನಿಜವಿತ್ತು. ಪುಸ್ತಕದ ತಾಯಿ ನಾಲ್ಕು ಅಧ್ಯಾಯ ಒಂದೇ ಸಮನೆ ದುಃಖಿಸುತ್ತಾಳೆ. ಸಿನಿಮಾದವಳು ನಗುತ್ತಾಳೆ, ಗೆಳತಿಯರ ಜೊತೆ ತುಟಿಯಲ್ಲೇ ಚಾಡಿ ಹೇಳುತ್ತಾಳೆ. ನನ್ನ ಅವ್ವನಿಗೆ ಹತ್ತಿರದವಳು ಆ ಸಿನಿಮಾದವಳೇ. ಆದರೆ ಕೊನೆಯಲ್ಲಿ ಮಷೀನು ಹಾಕಿ ಅವಳನ್ನು ಸರಿ ಮಾಡಿಬಿಟ್ಟರಲ್ಲ, ಅದನ್ನು ನಾನು ಸಹಿಸಲಾರೆ. ಅವಳು ಕೆಟ್ಟಿದ್ದಳೇ, ಸರಿಮಾಡಲು? ಕೇಳಿಸದವಳ ಜೊತೆ ಬದುಕುವುದು ಹೇಗೆಂದು ತೋರಿಸುವುದು ಕಷ್ಟ. ಕೇಳಿಸುವ ಹಾಗೆ ಮಾಡಿಬಿಡುವುದು ಸುಲಭ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

"ಆಯಿನ್ನ ಕೇಳೂಣು" ಎಂದು ಹುಡುಗಿ ಫೋನ್ ತೆಗೆದಳು. ಅಷ್ಟರಲ್ಲಿ ಸಿನಿಮಾ ಫೋನಿಗೂ ಬಂದಿತ್ತು. ಆ ಕೊನೆಯ ದೃಶ್ಯ ಹಚ್ಚಿ ಅವ್ವನ ಕೈಗೆ ಕೊಟ್ಟಳು. ಅವ್ವ ಕನ್ನಡಕ ಏರಿಸಿ ನೋಡಿದಳು. ಸಿನಿಮಾದ ಹುಡುಗಿ ಓಡಿ ಬಂದು ತಾಯಿಯ ಕೆನ್ನೆ ಹಿಡಿದು ಬೆನ್ನು ತಿರುಗಿಸುವ ಮೊದಲು, ಕಣ್ಣು ಮಿಟುಕಿಸುವಷ್ಟು ಹೊತ್ತು, ಅವಳ ಮುಖದ ಒಂದು ಬದಿ ಕಾಣುತ್ತದೆ. ಟಾಕೀಜಿನಲ್ಲಿ ಅದನ್ನು ನಾವ್ಯಾರೂ ಗಮನಿಸಿರಲಿಲ್ಲ. "ಇನ್ನೊಮ್ಮೆ ಹಚ್ಚು" ಎಂದಳು ಅವ್ವ. ಮತ್ತೆ ನೋಡಿದಳು. ಫೋನನ್ನು ಮೂಗಿನ ಹತ್ತಿರ ತಂದು ಮತ್ತೂ ಒಮ್ಮೆ ನೋಡಿದಳು. ಆಮೇಲೆ ಗಂಭೀರವಾಗಿ ಹೇಳಿದಳು:

"ಚಪ್ಪಲಿ ಕಚ್ಚಾಕತ್ತಾವ ಅಂತಾಳ."

ತಮ್ಮನ ಮಗಳು ನಕ್ಕು ನಕ್ಕು ಹಾಸಿಗೆಯ ಮೇಲೆ ಬಿದ್ದಳು. ಹೇಗೂ ಮೇಲೆ ಪಿಟೀಲು ಬರುತ್ತದೆ, ಯಾರು ಕೇಳುತ್ತಾರೆ ಎಂದು ಆ ನಟಿ ಬಾಯಿಗೆ ಬಂದದ್ದು ಅಂದಿರಬಹುದು. ಇಲ್ಲವೇ ಅವ್ವನೇ ಕಟ್ಟಿ ಹೇಳಿರಬಹುದು. ಬೀಗರ ಸೀರೆಯನ್ನು ಬಿಡದವಳು ನಟಿಯ ಚಪ್ಪಲಿಯನ್ನು ಬಿಟ್ಟಾಳೆಯೇ? "ಖರೇ ಹೇಳು ಅವ್ವ" ಎಂದೆ. "ನೀವ್ಯಾರೂ ಕೇಳಿಲ್ಲಂದ ಮ್ಯಾಲ ನಾ ಹೇಳಿದ್ದ ಖರೇ" ಎಂದು ನಕ್ಕಳು. ಟಾಕೀಜಿನ ಘಟನೆಯಾದಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು. ಮೊಮ್ಮಗಳು ಎದ್ದು ಅವಳ ಎದುರಿಗೆ ಕೂತು, ದನಿಯಿಲ್ಲದೆ, ತುಟಿಯನ್ನು ವಿಪರೀತ ಹಿಗ್ಗಿಸಿ ಏನೋ ಅಂದಳು. ಅವ್ವ ಅವಳ ಕೆನ್ನೆ ತಟ್ಟಿ, "ಇಷ್ಟ ದೊಡ್ಡ ಬಾಯಿ ಬ್ಯಾಡ, ನಾ ಏನು ಬೋಳಗುಡ್ಡದ ಮ್ಯಾಲ ನಿಂತೇನೇನು?" ಎಂದಳು. ಪಾಠ ಶುರುವಾಯಿತು.

ಕೊನೆಯ ಅಧ್ಯಾಯಕ್ಕೆ ಬಂದಾಗ ಮನೆಯಲ್ಲಿ ನಾವಿಬ್ಬರೇ. ಪುಸ್ತಕದಲ್ಲಿ ಹುಡುಗಿ ಗೆಲ್ಲುವುದಿಲ್ಲ. ತಾಯಿಯನ್ನು ಕರೆದುಕೊಂಡು ಹೋಗಿ ಮೊದಲ ಸಾಲಿನಲ್ಲಿ ಕೂರಿಸುತ್ತಾಳೆ, ಹಾಡುತ್ತಾಳೆ, ಬಹುಮಾನ ಬೇರೆ ಯಾರಿಗೋ ಹೋಗುತ್ತದೆ. ಹಿಂತಿರುಗುವ ಬಸ್ಸಿನ ಗಡಗಡ ಸದ್ದಿನಲ್ಲಿ ತಾಯಿ ದನಿಯಿಲ್ಲದೆ ಕೇಳುತ್ತಾಳೆ, ಎರಡನೆಯ ನುಡಿಯಲ್ಲಿ ನಿನ್ನ ತುಟಿ ನಡುಗಿತಲ್ಲ, ಯಾಕೆ? ಆಗ ನಿನ್ನನ್ನು ನೋಡಿದೆ, ಎನ್ನುತ್ತಾಳೆ ಮಗಳು. ಅಲ್ಲಿಗೆ ಕತೆ ಮುಗಿಯುತ್ತದೆ. ನಾನು ನಿಧಾನವಾಗಿ, ಒಂದು ಮಾತೂ ಬಿಡದೆ ಹೇಳಿದೆ. ಹೇಳುವಾಗ ನನ್ನ ತುಟಿಯೂ ಸರಿಯಾಗಿ ನಿಲ್ಲಲಿಲ್ಲ.

ಅವ್ವ ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು, ಮುಂದೆ ಪುಟ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡು, ಮುಚ್ಚಿ ಬದಿಗಿಟ್ಟಳು. "ಆಕಿ ಕತಿ ಆತು. ಈ ತಾಯಿನ ನನಗ ಸೇರಿದ್ಲು" ಎಂದಳು. ನನ್ನ ಕಡೆ ಇನ್ನಷ್ಟು ಸರಿದು ಕೂತು, "ಇನ್ನ ನಿಂದು ಹೇಳು" ಎಂದಳು.

"ನಂದೇನದ ಅವ್ವ?"

"ನೀ ಲಗ್ನಾಗಿ ಹ್ವಾದಿ. ಫೋನಿನಾಗ ನನಗ ಕೇಳಸಂಗಿಲ್ಲ. ಅಕ್ಕ ಆರಾಮ ಅದಾಳ ಅಂತ ನಿನ್ನ ತಮ್ಮ ಹೇಳ್ತಾನ. ಇಷ್ಟು ವರ್ಷದಾಗ ಅದೊಂದ ಮಾತು. ಯಾರರ ಇಷ್ಟು ವರ್ಷ ಬರೇ ಆರಾಮ ಇರ್ತಾರೇನು?"

ಅವಳಿಂದ ಕೇಳಿಸಬೇಕೆಂದು ಹಠ ಹಿಡಿದು ಬಂದವಳು ನಾನು. ಅವಳು ಕೇಳಿದ್ದು ಇದನ್ನು. ಬಸ್ಸಿನ ಹೊತ್ತಾಯಿತು ಎಂದೆ. ಮುಂದಿನ ಬಸ್ಸಿಗೆ ಹೋಗು ಎಂದಳು. ಭಾಳ ಅದ, ಎಲ್ಲಿಂದ ಸುರು ಮಾಡಲಿ ಎಂದೆ.

"ಲಗ್ನದ ಮರುದಿವಸದಿಂದ" ಎಂದಳು ಅವ್ವ, ಮತ್ತು ನನ್ನ ಗದ್ದ ಹಿಡಿದು ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿದಳು.